ಮಲ್ಲರಸನ ಕಿವಿಗೆ ಬಿದ್ದ ಗಾರೆಯ ಹಾಡು

"ಕೇಳಿರಪ್ಪಾ ಕೇಳಿರಿ. ಗಾರೆ ಕುಟ್ಟುವವರ ಹಾಡಿನ ಮೇಲೆ ಅರಸರು ಮೂರು ಒಗಟು ಒಡ್ಡಿದ್ದಾರೆ. ಮೂರನ್ನೂ ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ಒಂದು ತಪ್ಪಿದರೂ ಸುಣ್ಣದ ಹೊಂಡ."

ಕರಿಗುಡ್ಡದ ಸೀಮೆಯಲ್ಲಿ ಹೀಗೆ ಡಂಗುರ ಸಾರಿದಾಗ ಮಲ್ಲರಸನ ಕೋಟೆ ಇನ್ನೂ ಅರ್ಧ ಎದ್ದಿತ್ತು. ಊರೂರಿನಿಂದ ಜನರನ್ನು ಬಿಟ್ಟಿ ಚಾಕರಿಗೆ ಎಳೆತಂದಿದ್ದರು. ಕೂಲಿಯ ಮಾತಿಲ್ಲ, ಅಂಬಲಿ ಅರೆಹೊಟ್ಟೆಗೆ, ಕೈ ನಿಧಾನವಾದರೆ ಚಾಟಿ. ಸಾಲಾಗಿ ನಿಂತು ಒನಕೆಯಿಂದ ಗಾರೆ ಕುಟ್ಟುವಾಗ ಭರಮಣ್ಣನೆಂಬವನು ಹಾಡು ಹೇಳುತ್ತಿದ್ದ, ಉಳಿದವರು ಸಾಲಿನ ಕೊನೆಗೆ "ಇನ್ನೂ ಅದೀನಿ" ಎಂದು ಸೊಲ್ಲು ಹಿಡಿಯುತ್ತಿದ್ದರು.

ಸುಟ್ಟರು ನನ್ನ, ಬೆಳ್ಳಗಾದೆ, ಇನ್ನೂ ಅದೀನಿ
ನೀರಿಗೆ ಒಗೆದರು, ಕುದ್ದು ಅರಳಿದೆ, ಇನ್ನೂ ಅದೀನಿ
ಕುಟ್ಟಿದರು ನನ್ನ, ನುಣ್ಣಗಾದೆ, ಇನ್ನೂ ಅದೀನಿ
ಕಲ್ಲಾಗಿ ನಿಂತ ದಿನ ನಾನು...

ಕೊನೆಯ ಸಾಲು ಅಲ್ಲಿಗೇ ನಿಲ್ಲುತ್ತಿತ್ತು. ಮುಂದಿನ ಮಾತು ಬರಬೇಕಾದ ಕಡೆ ಒನಕೆಗಳೆಲ್ಲ ಒಟ್ಟಿಗೆ ಬೀಳುತ್ತಿದ್ದವು. ಆ ಪೆಟ್ಟು ಕೇಳಿದಾಗಲೆಲ್ಲ ಅರಮನೆಯಲ್ಲಿ ಮಲ್ಲರಸನ ತುತ್ತು ಗಂಟಲಲ್ಲೇ ನಿಲ್ಲುತ್ತಿತ್ತು. ಯಾಕೆಂದು ಅವನಿಗೇ ತಿಳಿಯಲಿಲ್ಲ. ಭರಮಣ್ಣನನ್ನು ಸೆರೆಗೆ ಹಾಕಿ ಹೊಡೆಸಿದ. ಅವನು ಅರ್ಥ ಹೇಳಲಿಲ್ಲ. ಅಮಾವಾಸ್ಯೆಗೆ ಅವನ ತಲೆ ತೆಗೆಯುವುದೆಂದು ನಿಶ್ಚಯವಾಯಿತು, ಅರ್ಥಕ್ಕಾಗಿ ಡಂಗುರ ಹೊರಟಿತು.

ಒಗಟು ಬಿಡಿಸಲು ಮೊದಲು ಬಂದವರು ಆಸ್ಥಾನದ ಪಂಡಿತರೇ. ಜರಿ ಶಾಲಿಗೆ ಕೊರತೆಯಿಲ್ಲ, ಆದರೂ ಆಸೆ ನೋಡಿ. ಒಬ್ಬರು ಇದು ಸುಣ್ಣದ ಸ್ತುತಿ ಎಂದು ಮೊದಲನೆಯದರಲ್ಲೇ ಹೊಂಡ ಸೇರಿದರು. ಇನ್ನೊಬ್ಬರು ಎರಡನೆಯದನ್ನು ಮೊದಲು ಎತ್ತಿಕೊಂಡು, ಒಂದೇ ಸೊಲ್ಲು ಮತ್ತೆ ಮತ್ತೆ ಬರುವುದು ಹಳ್ಳಿಯವರಿಗೆ ಬೇರೆ ಮಾತು ಬಾರದ್ದರಿಂದ ಎಂದರು. ಅವರೂ ಹೋದರು. ಒಬ್ಬ ಸಾಮಂತನ ಮಗ ನೇರ ಮೂರನೆಯದಕ್ಕೆ ಕೈ ಹಾಕಿ, ಕೊನೆಯ ಸಾಲನ್ನು "ಅರಸನ ಕಾಯುವೆ" ಎಂದು ಮುಗಿಸಿದ. ಸುಳ್ಳೆಂದು ಅರಸ ಹೊಂಡಕ್ಕೆ ನೂಕಿಸಿದ. ಅವನ ಹಿಂದೆ ನಿಂತಿದ್ದವನು ಹೆದರಿ "ಅರಸನ ಕೆಡವುವೆ" ಎಂದ. ದ್ರೋಹವೆಂದು ಅವನನ್ನೂ ನೂಕಿಸಿದ. ಸುಟ್ಟ ಸುಣ್ಣ ಕುದಿಯುವ ಸದ್ದು ಕೇಳಿದ ಮೇಲೆ ಯಾರೂ ಮುಂದೆ ಬರಲಿಲ್ಲ.

ಆಗ ಬಂದವಳು ಭರಮಣ್ಣನ ತಂಗಿ ಸಂಕವ್ವ. ಬುಟ್ಟಿಯಲ್ಲಿ ಸುಣ್ಣ ಹೊತ್ತು ಹೊತ್ತು ಅಂಗೈ ಬಿರಿದಿತ್ತು. ಹೋಗಬೇಡವೆಂದು ಗಾರೆ ಕುಟ್ಟುವ ಸಾಲಿನವರು ಕೈ ಹಿಡಿದು ಹೇಳಿದ್ದರು. ಅವಳಿಗೂ ಜೀವದ ಮೇಲೆ ಆಸೆಯಿತ್ತು. ಆದರೆ ಅಮಾವಾಸ್ಯೆ ನಾಳೆಯೇ.

"ಹಾಡಿನಲ್ಲಿ ಅರಸನಿಲ್ಲ, ಚಾಟಿಯಿಲ್ಲ, ಇರುವುದು ಸುಣ್ಣವೊಂದೇ. ಆದರೂ ಕೇಳಿದರೆ ನನ್ನ ಮೈ ಉರಿಯುತ್ತದೆ. ಸುಣ್ಣದೊಳಗೆ ಕೂತವರು ಯಾರು?" ಎಂದು ಅರಸ ಕೇಳಿದ.

"ನಾವ, ಒಡೆಯಾ," ಎಂದಳು ಸಂಕವ್ವ. "ನಮ್ಮನ್ನ ಸುಟ್ರು ಅಂತ ಅಂದ್ರ ಚಾಟಿ ಬೀಳತೈತಿ. ಸುಣ್ಣಕ್ಕ ಯಾರೂ ಚಾಟಿ ಹೊಡಿಯಂಗಿಲ್ಲ. ಅದಕ್ಕ ನಮ್ಮ ಸಂಕಟ ಅದರ ಬಾಯಾಗ ಇಟ್ಟೀವಿ."

"ಸೊಲ್ಲು ಒಂದೇ, ಮಾತೂ ಒಂದೇ. ಆದರೂ ಬಂದಷ್ಟೂ ಸಲ ಭಾರವಾಗುತ್ತದೆ. ಅದರ ಮೇಲೆ ತೂಕ ಹೇರಿದವರು ಯಾರು?"

"ನೀವ. ಬರೇ ಇನ್ನೂ ಅದೀನಿ ಅಂದ್ರ ಅದರಾಗ ಏನೈತಿ? ಸುಟ್ಟ ಮ್ಯಾಲೆ ಅಂದ್ರ ಒಂದು ತೂಕ, ಕುಟ್ಟಿದ ಮ್ಯಾಲೆ ಅಂದ್ರ ಇನ್ನೊಂದು. ನಮ್ಮ ಸಾಲಿನ್ಯಾಗ ಯಾರರ ಸತ್ರ ಅವರ ಸೊಲ್ಲು ಬಿಡಂಗಿಲ್ಲ, ಬಾಜೂಕ ನಿಂತವ್ರು ಅವರದನ್ನೂ ಸೇರಿಸಿ ಅಂತಾರ. ಗೋಡಿ ಏರಿದಂಗ ಸೊಲ್ಲೂ ಬೆಳದೈತಿ."

ಅರಸ ಮುಂದಕ್ಕೆ ಬಾಗಿ ಕೂತ. "ಕೊನೆಯ ಸಾಲಿನಲ್ಲಿ ನುಂಗಿಕೊಂಡ ಮಾತು ಯಾವುದು?"

"ಅಲ್ಲಿ ಮಾತ ಇಲ್ಲ. ಕೇಳಾವ್ರು ತುಂಬಿಕೊಳ್ಳಲಿ ಅಂತ ಬಿಟ್ಟ ಜಾಗ ಅದು. ನಾವು ಸುಮ್ಮನಾಗತೀವಿ, ಕೇಳಾವ್ರ ಎದಿ ಮಾತಾಡತೈತಿ. ನಿಮಗ ಅಲ್ಲಿ ಏನು ಕೇಳಸ್ತು, ಒಡೆಯಾ?"

ಅರಸ ತನಗೆ ಕೇಳಿಸಿದ್ದನ್ನು ಹೇಳಿದರೆ ತುಂಬಿದ ಸಭೆಯಲ್ಲಿ ತನ್ನ ಸಾವನ್ನು ತಾನೇ ಸಾರಿದಂತಾಗುತ್ತಿತ್ತು. ಬೇಕಾದ್ದು ಕೇಳು ಎಂದಷ್ಟೇ ಅಂದ. ಅಣ್ಣನನ್ನು ಬಿಡಿ ಎಂದಳು.

ಬಿಟ್ಟರು. ಆದರೆ ಸೆರೆಯಲ್ಲಿ ಅವನ ಕಣ್ಣಿಗೆ ಸುಣ್ಣ ತುಂಬಿದ್ದರು. ಸಂಕವ್ವ ಅವನ ಮುಖವನ್ನು ಎದೆಗೊತ್ತಿಕೊಂಡು ಬಿಕ್ಕಿದಳು.

"ಹಾಡಿನ ಒಳಗುಟ್ಟು ಹೇಳಿಬಿಟ್ಟಿಯೇನ, ಸಂಕೀ?" ಎಂದ ಭರಮಣ್ಣ.

"ಹೇಳೀನಿ, ಅಣ್ಣಾ. ನನಗ ನೀ ಬೇಕಾಗಿದ್ದಿ."

ಅರ್ಥ ತಿಳಿದ ಅರಸ ಸುಮ್ಮನಿರುತ್ತಾನೆಯೇ? ಹಾಡಿದವರ ನಾಲಿಗೆ ಕೀಳಿಸುತ್ತೇನೆಂದು ಆ ದಿನವೇ ಸಾರಿಸಿದ. ಮರುದಿನ ಸಾಲಿನವರು ಬಾಯಿ ಮುಚ್ಚಿಕೊಂಡು ಗಾರೆ ಕುಟ್ಟಿದರು. ಸಂಕವ್ವ ತಲೆ ತಗ್ಗಿಸಿ ಬುಟ್ಟಿ ಹೊತ್ತಳು. ತನ್ನಿಂದಲೇ ಹಾಡು ಸತ್ತಿತೆಂಬ ಸಂಕಟ ಅವಳನ್ನು ಸುಡುತ್ತಿತ್ತು.

ಅರಮನೆಯಲ್ಲಿ ಮಲ್ಲರಸ ಊಟಕ್ಕೆ ಕೂತಿದ್ದ. ಒನಕೆಯ ಮೊದಲ ಪೆಟ್ಟು ಅವನ ಕಿವಿಯಲ್ಲಿ ಸುಟ್ಟರು ಎಂದಿತು, ಎರಡನೆಯದು ಬೆಳ್ಳಗಾದೆ ಎಂದಿತು. ಈಗ ಪ್ರತಿ ಮಾತಿನ ಹಿಂದೆ ಗೋಡೆ ಕಟ್ಟುತ್ತ ಸತ್ತವರ ಹೆಣಗಳಿವೆ ಎಂಬುದೂ ಗೊತ್ತಿತ್ತು. ಎಲೆ ಬಿಟ್ಟು ಎದ್ದು ಓಡಿಬಂದು, ಹಾಡುತ್ತಿರುವವನನ್ನು ಹಿಡಿದು ತನ್ನಿ ಎಂದು ಕೂಗಿದ.

"ಯಾರೂ ಹಾಡುತ್ತಿಲ್ಲ, ಒಡೆಯಾ," ಎಂದರು ಕಾವಲಿನವರು.

ಅವನಿಗೆ ನಂಬಿಕೆ ಬರಲಿಲ್ಲ. ಕುಟ್ಟುವುದನ್ನೇ ನಿಲ್ಲಿಸಿ, ಇವರನ್ನೆಲ್ಲ ಊರಿಗೆ ಅಟ್ಟಿ ಎಂದ. ಕೋಟೆ ಅಷ್ಟಕ್ಕೇ ನಿಂತಿತು. ಬದುಕಿ ಉಳಿದವರು ಒನಕೆ ಅಲ್ಲೇ ಬಿಟ್ಟು ಹೊರಟರು. ಸಂಕವ್ವ ಅಣ್ಣನ ಕೈ ಹಿಡಿದು, ಇಲ್ಲಿ ಕಲ್ಲೈತಿ, ಇಲ್ಲಿ ಇಳಿಜಾರೈತಿ ಎಂದು ಹೇಳುತ್ತ ಊರ ದಾರಿಯಲ್ಲಿ ನಡೆದಳು.