ಒಂಬತ್ತು ಸುತ್ತಿನ ಸ್ಕ್ರೂ

೨೦೧೯ನೇ ಇಸವಿ ಏಪ್ರಿಲ್ ಹನ್ನೊಂದು, ಗುರುವಾರ. ಬೆಳಗಿನಿಂದ ಕಡು ಬಿಸಿಲು. ಮಧ್ಯಾಹ್ನದ ಮೇಲೆ ಮೋಡ ಕವಿದರೂ ಮಳೆ ಬೀಳಲಿಲ್ಲ.

ಆ ಸಂಜೆ ಶಾಂತಮಲ್ಲಪ್ಪ ಮಠಕ್ಕೆ ಬಂದು, ಗುರುಗಳಿಗೆ ನಮಸ್ಕರಿಸಿ ಕೇಳಿದ:

“ಬುದ್ಧಿ, ಸುಳ್ಳು ಹೇಳಬಾರದು, ಅದು ಗೊತ್ತು. ಸುಳ್ಳನ್ನೂ ಹೇಳದೆ, ಗೊತ್ತಿರುವುದನ್ನೂ ಹೇಳದೆ ಸುಮ್ಮನಿದ್ದುಬಿಟ್ಟರೆ ಅದರಲ್ಲಿ ದೋಷವಿದೆಯೇ?”

ಶಾಂತಮಲ್ಲಪ್ಪ ಊರಿನ ಹಾಲಿನ ಸೊಸೈಟಿಯ ಕಾರ್ಯದರ್ಶಿ. ಸೋಮವಾರ ಬಿಟ್ಟು ಬೇರೆ ದಿನ ಮಠದ ಕಡೆ ತಲೆ ಹಾಕಿದವನಲ್ಲ. ಸೊಸೈಟಿಯಲ್ಲಿ ಹಾಲು ಪರೀಕ್ಷೆ ಮಾಡುತ್ತಿದ್ದ ಹೆಂಗಸನ್ನು ಲೆಕ್ಕ ತಪ್ಪಿದಳೆಂದು ಬರುವ ಶನಿವಾರದ ಸಭೆಯಲ್ಲಿ ಕೆಲಸದಿಂದ ತೆಗೆಯುವ ಮಾತು ನಡೆದಿತ್ತು. ಅದನ್ನು ಅವನು ಬಾಯಿ ಬಿಟ್ಟು ಹೇಳಲಿಲ್ಲ. ಯಾರ ವಿಷಯವೆಂದು ಗುರುಗಳು ಕೇಳಿದಾಗ, ಪರಿಚಯದವರೊಬ್ಬರ ವಿಷಯ ಎಂದ.

“ಹತ್ತಿರದ ಪರಿಚಯವೋ?”

“ಹತ್ತಿರದ್ದೇ, ಬುದ್ಧಿ.”

“ಹಾಗಾದರೆ ಅವರ ಬದಲು ನೀನೇ ಕೂತು ಕೇಳಪ್ಪ,” ಎಂದು ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ರಿಪೇರಿಯವನಿದ್ದ. ಕೆಟ್ಟ ಲ್ಯಾಪ್‌ಟಾಪುಗಳನ್ನು ಸರಿ ಮಾಡುವುದು ಅವನ ಕಸುಬು. ತಾಲೂಕು ಕಚೇರಿಯ ರಸ್ತೆಯಲ್ಲಿ ಒಂದೇ ಬಾಗಿಲಿನ ಅಂಗಡಿ. ಕೆಲಸ ನಿಧಾನ, ಆದರೆ ಅಚ್ಚುಕಟ್ಟು ಎಂದು ಹೆಸರು ಪಡೆದಿದ್ದ.

ಯಾವ ಯಂತ್ರವನ್ನು ಬಿಚ್ಚುವ ಮೊದಲೂ ಅವನು ಒಂದು ರಟ್ಟಿನ ತುಂಡು ತೆಗೆದುಕೊಂಡು, ಯಂತ್ರದ ಆಕಾರವನ್ನು ಅದರ ಮೇಲೆ ಗೀಚಿಕೊಳ್ಳುತ್ತಿದ್ದ. ಬಿಚ್ಚಿದ ಒಂದೊಂದು ಸ್ಕ್ರೂವನ್ನೂ ರಟ್ಟಿನಲ್ಲಿ ಅದರದರ ಜಾಗಕ್ಕೆ ಚುಚ್ಚಿಡುತ್ತಿದ್ದ. ಅದಕ್ಕೆ ಕಾರಣವಿತ್ತು. ತಲೆ ನೋಡಿದರೆ ಎಲ್ಲ ಸ್ಕ್ರೂಗಳೂ ಒಂದೇ ತರಹ. ಆದರೆ ಕೆಲವು ಉದ್ದ, ಕೆಲವು ಗಿಡ್ಡ. ಗಿಡ್ಡ ಸ್ಕ್ರೂವಿನ ಜಾಗಕ್ಕೆ ಉದ್ದದ್ದು ಹೋದರೆ ಅದರ ತುದಿ ಒಳಗಿನ ಬೋರ್ಡನ್ನು ಕೊರೆಯುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಕಸುಬು ಕಲಿಸಿದವರು ಅವನಿಗೆ ಮೊದಲ ದಿನ ಹೇಳಿಕೊಟ್ಟದ್ದೇ ಇದನ್ನು. ಪಕ್ಕದ ಜೆರಾಕ್ಸ್ ಅಂಗಡಿಯವನು ಇಣುಕಿ ನೋಡಿ, ಇವತ್ತಿನ ರಂಗೋಲಿ ಮುಗಿಯಿತೇ ಎಂದು ಹಾಸ್ಯ ಮಾಡುತ್ತಿದ್ದ. ರಿಪೇರಿಯವನು ನಕ್ಕು ಮುಂದಿನ ಸ್ಕ್ರೂ ಚುಚ್ಚುತ್ತಿದ್ದ.

ಹೀಗೆ ಹದಿಮೂರು ವರ್ಷ ನಡೆಯಿತು.

ಒಂದು ದಿನ ಒಬ್ಬ ಪತ್ರ ಬರಹಗಾರ ಬಂದ. ನೋಂದಣಿ ಕಚೇರಿಯ ಎದುರು ಕೂತು ಕ್ರಯಪತ್ರ, ವಿಭಾಗಪತ್ರ ಬರೆದುಕೊಡುವವನು. ಅವನ ಲ್ಯಾಪ್‌ಟಾಪಿನ ಫ್ಯಾನಿನಲ್ಲಿ ದೂಳು ತುಂಬಿ ಸದ್ದಾಗುತ್ತಿತ್ತು. ಬರೀ ದೂಳು ತೆಗೆಯುವ ಕೆಲಸ, ಹನ್ನೆರಡು ಸ್ಕ್ರೂ. ಇಷ್ಟಕ್ಕೆ ರಟ್ಟು ಯಾಕೆ, ಕೈಗೆ ಗೊತ್ತಿದೆ ಎಂದುಕೊಂಡು ರಿಪೇರಿಯವನು ಸ್ಕ್ರೂಗಳನ್ನು ಒಂದು ಡಬ್ಬಿಯ ಮುಚ್ಚಳದಲ್ಲಿ ಹಾಕಿಟ್ಟ. ದೂಳು ಊದಿ, ಒರೆಸಿ, ಮತ್ತೆ ಮುಚ್ಚಿದ. ಆ ಹೊತ್ತಿಗೆ ರಸ್ತೆಗೆಲ್ಲ ಕರೆಂಟು ಹೋಗಿತ್ತು. ಬ್ಯಾಟರಿಯ ಮೇಲೆ ಯಂತ್ರ ಓಡಿತು, ಸದ್ದು ನಿಂತಿತ್ತು. ಚಾರ್ಜಿಗೆ ಹಾಕಿ ನೋಡಲು ಆಗಲಿಲ್ಲ. ಪತ್ರ ಬರಹಗಾರ ಸಂತೋಷದಿಂದ ತೆಗೆದುಕೊಂಡು ಹೋದ.

ಅದೇ ವಾರ ಪತ್ರ ಬರಹಗಾರ ಹೊಸ ಕೋಣೆಗೆ ಕಚೇರಿ ಬದಲಿಸಿದ್ದ. ಅಲ್ಲಿ ವೈರಿಂಗ್ ಮಾಡಿದವನು ಇಪ್ಪತ್ತೆರಡು ವರ್ಷದಿಂದ ಆ ಊರಿನ ಮನೆಗಳಿಗೆ ತಂತಿ ಎಳೆಯುತ್ತಿದ್ದವನು. ಪತ್ರ ಬರಹಗಾರ ಹೊಸ ಕೋಣೆಯಲ್ಲಿ ಕೂತು, ಬ್ಯಾಟರಿ ಮುಗಿಯುತ್ತಾ ಬಂದಾಗ ಚಾರ್ಜರು ಚುಚ್ಚಿದ. ಚಾರ್ಜು ಆಗಲಿಲ್ಲ. ಸ್ವಲ್ಪ ಹೊತ್ತಿಗೆ ಯಂತ್ರ ಪೂರ್ತಿ ಆರಿಹೋಯಿತು.

ಮಾರನೆಯ ದಿನ ಅವನು ಯಂತ್ರವನ್ನೂ ಚಾರ್ಜರನ್ನೂ ತಂದು ರಿಪೇರಿಯವನ ಮೇಜಿನ ಮೇಲಿಟ್ಟ. ಹೊಸ ಕೋಣೆಯ ಕರೆಂಟೇ ಇದನ್ನು ಸುಟ್ಟಿದೆ, ಆ ವೈರಿಂಗಿನವನನ್ನು ನಂಬಿ ಕೆಟ್ಟೆ ಎಂದು ಬೈಯುತ್ತಾ ಕೂತ.

ರಿಪೇರಿಯವನು ದೂರದಿಂದ ಹತ್ತಿರಕ್ಕೆ ಹುಡುಕುತ್ತಾ ಬಂದ. ಮೊದಲು ತನ್ನ ಅಂಗಡಿಯ ಪ್ಲಗ್ಗಿಗೆ ದೀಪ ಹಾಕಿ ನೋಡಿದ, ಉರಿಯಿತು. ಅದೇ ಚಾರ್ಜರನ್ನು ಬೇರೆ ಯಂತ್ರಕ್ಕೆ ಚುಚ್ಚಿದ. ಅದು ಚಾರ್ಜು ಆಯಿತು. ಚುಚ್ಚುವ ತೂತಿಗೆ ಟಾರ್ಚು ಬಿಟ್ಟು ನೋಡಿದ, ಕಸವಿರಲಿಲ್ಲ, ಸಡಿಲವಿರಲಿಲ್ಲ. ಬ್ಯಾಟರಿ ಬದಲಿಸಿದ. ಗುಂಡಿ ಒತ್ತಿ ಹಿಡಿದು ಮೂವತ್ತು ಎಣಿಸಿದ. ಏನೂ ಆಗಲಿಲ್ಲ. ಹೊರಗೆ ಹುಡುಕುವುದೆಲ್ಲ ಮುಗಿದ ಮೇಲೆ ಯಂತ್ರವನ್ನು ಬೋರಲು ಹಾಕಿ ಸ್ಕ್ರೂ ಬಿಚ್ಚತೊಡಗಿದ.

ಚಾರ್ಜು ಬರುವ ಮೂಲೆಯಲ್ಲಿ ಇರಬೇಕಾದದ್ದು ಗಿಡ್ಡ ಸ್ಕ್ರೂ. ನಾಲ್ಕು ಸುತ್ತು ತಿರುಗಿಸಿದರೆ ಕೈಗೆ ಬರಬೇಕು. ಅದು ನಾಲ್ಕಕ್ಕೆ ಬರಲಿಲ್ಲ. ಐದಕ್ಕೆ ಬರಲಿಲ್ಲ. ಒಂಬತ್ತು ಸುತ್ತಿಗೆ ಬಂತು.

ಕಣ್ಣಿಗೆ ಕಾಣುವ ಮೊದಲೇ ಬೆರಳಿಗೆ ತಿಳಿದುಹೋಗಿತ್ತು. ಮುಚ್ಚಳ ಎತ್ತಿದ. ಬೋರ್ಡಿನ ಮೇಲೆ, ಆ ಜಾಗದಲ್ಲೇ, ಸಾಸಿವೆಯಷ್ಟು ಗಾಯ. ಎದುರಿಗೆ ಕೂತಿದ್ದ ಪತ್ರ ಬರಹಗಾರ ರಸ್ತೆಯ ಕಡೆ ನೋಡುತ್ತಿದ್ದ. ರಿಪೇರಿಯವನು ಸ್ಕ್ರೂವನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

ಪತ್ರ ಬರಹಗಾರ ತಿರುಗಿ ಕೇಳಿದ: “ಕರೆಂಟಿಂದಲೇ ತಾನೆ?”

ರಿಪೇರಿಯವನು ಹೇಳಿದ: “ಕರೆಂಟಿಂದಲೂ ಹೀಗಾಗುತ್ತೆ.”

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಕರೆಂಟಿನಿಂದ ಬೋರ್ಡು ಹೋದದ್ದನ್ನು ಅವನು ಎಷ್ಟೋ ಸಲ ಕಂಡಿದ್ದ. ಸುಳ್ಳು ಹೇಳಲಿಲ್ಲವಲ್ಲ ಎಂದು ಅವನಿಗೆ ಸಮಾಧಾನವೂ ಆಯಿತು. ಮೂಲೆಯಲ್ಲಿದ್ದ ಹಳೆಯ ಯಂತ್ರವೊಂದರ ಬೋರ್ಡು ತೆಗೆದು ಇದಕ್ಕೆ ಕೂರಿಸಿದ. ಈ ಸಲ ರಟ್ಟಿನ ಮೇಲೆ ಆಕಾರ ಬರೆದುಕೊಳ್ಳುವುದನ್ನು ಮರೆಯಲಿಲ್ಲ. ಸಂಜೆಗೆ ಯಂತ್ರ ಸರಿಹೋಯಿತು. ಇದರ ಕೂಲಿಯನ್ನು ವೈರಿಂಗಿನವನೇ ಬಂದು ಕೊಡುತ್ತಾನೆ, ಕೊಡದೆ ಎಲ್ಲಿಗೆ ಹೋಗುತ್ತಾನೆ ಎಂದು ಹೇಳಿ ಪತ್ರ ಬರಹಗಾರ ಹೊರಟ. ಬೇಡ ಎನ್ನಲು ರಿಪೇರಿಯವನು ಬಾಯಿ ತೆರೆದ. ಯಾಕೆ ಬೇಡ ಎಂಬುದಕ್ಕೆ ಕಾರಣ ಹೇಳಬೇಕಾಗುತ್ತಿತ್ತು. ಬಾಯಿ ಮುಚ್ಚಿಕೊಂಡ.

ಎರಡು ದಿನದಲ್ಲಿ ವಿಷಯ ನೋಂದಣಿ ಕಚೇರಿಯ ಮುಂದಿನ ಅಂಗಡಿಗಳಲ್ಲೆಲ್ಲ ಹರಡಿತು. ಪತ್ರ ಬರಹಗಾರ ಹತ್ತು ಜನರ ಎದುರಿಗೆ ವೈರಿಂಗಿನವನನ್ನು ನಿಲ್ಲಿಸಿಕೊಂಡು, ರಿಪೇರಿಯವನೇ ಹೇಳಿದ್ದಾನೆ ಎಂದ. ರಿಪೇರಿಯವನ ಮಾತೆಂದರೆ ಆ ರಸ್ತೆಯಲ್ಲಿ ಅದಕ್ಕೊಂದು ತೂಕವಿತ್ತು. ಮುಂದಿನ ತಿಂಗಳು ಗೃಹಪ್ರವೇಶ ಇಟ್ಟುಕೊಂಡಿದ್ದವರೊಬ್ಬರು ವೈರಿಂಗ್ ಕೆಲಸವನ್ನು ಬೇರೆಯವರಿಗೆ ಕೊಟ್ಟರು.

ವೈರಿಂಗಿನವನು ರಿಪೇರಿಯವನ ಅಂಗಡಿಗೆ ಬಂದ. ಜಗಳಕ್ಕೆ ಬಂದನೆಂದು ರಿಪೇರಿಯವನು ಎದ್ದು ನಿಂತ. ಅವನು ಜಗಳಕ್ಕೆ ಬಂದಿರಲಿಲ್ಲ. ಸ್ಟೂಲಿನ ಮೇಲೆ ಕೂತು, ಕೈಯಲ್ಲಿದ್ದ ಮೀಟರನ್ನು ಮೇಜಿನ ಮೇಲಿಟ್ಟ. ಆ ಕೋಣೆಯ ಒಂದೊಂದು ಪ್ಲಗ್ಗನ್ನೂ ಮೂರು ಸಲ ನೋಡಿಬಂದೆ ಎಂದ.

“ಅಣ್ಣಾ, ಈ ಮೀಟರು ಎಲ್ಲ ಸರಿಯಿದೆ ಅನ್ನುತ್ತೆ. ಯಂತ್ರ ಬಿಚ್ಚಿ ಕಣ್ಣಾರೆ ಕಂಡವರು ನೀವು. ನೀವು ಏನು ಅಂತೀರೋ ಅದೇ ನನಗೆ ಸರಿ.”

ರಿಪೇರಿಯವನ ಕೈ ಜೇಬಿನ ತನಕ ಹೋಯಿತು. ಬಾಯಿಗೆ ಬಂದದ್ದು ಬೇರೆ ಮಾತು.

“ಮೀಟರಿಗೆ ಸಿಗದ ಏಟೂ ಇರುತ್ತೆ.”

ಇದರಲ್ಲೂ ಸುಳ್ಳಿರಲಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಏರಿ ಇಳಿಯುವ ಕರೆಂಟು ಯಾವ ಮೀಟರಿಗೂ ಸಿಗುವುದಿಲ್ಲ. ವೈರಿಂಗಿನವನಿಗೂ ಅದು ತಿಳಿದಿತ್ತು. ಅವನು ತನ್ನ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ನೋಡಿಕೊಂಡ. ಆಮೇಲೆ ಬೋರ್ಡಿನ ಬೆಲೆ ಎಷ್ಟಾಯಿತು ಎಂದು ಕೇಳಿದ.

ರಿಪೇರಿಯವನು ಏನೂ ಬೇಡ ಎಂದ. ವೈರಿಂಗಿನವನು ಅದನ್ನು ದೊಡ್ಡಗುಣವೆಂದು ತಿಳಿದ. ಏಳುವಾಗ ಮೇಜಿನ ಮೇಲಿದ್ದ ಯಂತ್ರವೊಂದಕ್ಕೆ ಅವನ ಕೈ ತಗುಲಿತು. ಬೆರಳು ಜುಮ್ಮೆಂದಿತು. ಬಗ್ಗಿ ನೋಡಿದ. ಸೋರುವ ಕರೆಂಟನ್ನು ಮಣ್ಣಿಗಿಳಿಸುವ ಅರ್ತಿಂಗೇ ಅಂಗಡಿಗೆ ಇರಲಿಲ್ಲ. ಇಷ್ಟು ವರ್ಷ ಇದರ ಮೇಲೆ ಕೈಯಿಟ್ಟು ಕೆಲಸ ಮಾಡಿದ್ದೀರಲ್ಲ, ನಿಮ್ಮದೇನು ಕೈಯೋ ಮರದ ಹಲಗೆಯೋ ಎಂದು ಕೇಳಿ, ಬಂದಾಗಿನಿಂದ ಮೊದಲ ಸಲ ನಕ್ಕ.

ಮಾರನೆಯ ಬೆಳಿಗ್ಗೆ ಹಾರೆ, ಗುದ್ದಲಿ ತಂದ. ಅಂಗಡಿಯ ಹಿಂದೆ ಆಳುದ್ದದ ಗುಂಡಿ ತೋಡಿದ. ತಾಮ್ರದ ತಗಡು ಇಳಿಸಿದ. ಒಂದು ಪದರ ಇದ್ದಿಲು, ಒಂದು ಪದರ ಉಪ್ಪು ಹಾಕುತ್ತಾ ಬಂದ.

ಅವನು ತೋಡುತ್ತಿರುವಾಗ ರಿಪೇರಿಯವನು ಮೂರು ಸಲ ಹಿತ್ತಲ ಬಾಗಿಲಿಗೆ ಹೋದ. ಮೊದಲನೆಯ ಸಲ ನೀರಿನ ಚೊಂಬು ಹಿಡಿದು ಹೋದ, ಕೊಟ್ಟು ಬಂದ. ಎರಡನೆಯ ಸಲ ಮಜ್ಜಿಗೆ ಹಿಡಿದು ಹೋದ, ಕೊಟ್ಟು ಬಂದ. ಮೂರನೆಯ ಸಲ ಬರಿಗೈಯಲ್ಲಿ ಹೋದ, ಹೇಳಿಯೇಬಿಡಬೇಕೆಂದು. ಗುಂಡಿಯೊಳಗಿದ್ದವನು ತಲೆಯೆತ್ತಿ ಹೇಳಿದ:

“ನೀವು ದೊಡ್ಡವರು ಅಣ್ಣಾ. ಕರೆಂಟಿಂದಲೂ ಆಗುತ್ತೆ ಅಂದಿರಂತೆ. ಕರೆಂಟಿಂದಲೇ ಅನ್ನಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ನನ್ನ ಮಾನ ಪೂರ್ತಿ ಕಳೆದಿರೋರು.”

ಅದನ್ನು ಕೇಳಿದ ಮೇಲೆ ಹೇಳುವುದು ರಿಪೇರಿಯವನಿಂದ ಆಗಲಿಲ್ಲ. ಕೆಲಸ ಮುಗಿಯಲಿ, ಆಮೇಲೆ ಹೇಳೋಣ ಎಂದುಕೊಂಡ. ಕೆಲಸ ಮುಗಿಯಿತು. ವೈರಿಂಗಿನವನು ಮಣ್ಣು ಮುಚ್ಚಿ, ಮೇಲೆ ಒಂದು ಕೊಳವೆಯ ಬಾಯಿ ಬಿಟ್ಟು, ಕೈ ತೊಳೆದುಕೊಂಡ. ಬೇಸಿಗೆ ಬಂದಾಗ ಇದರೊಳಕ್ಕೆ ಒಂದು ಕೊಡ ನೀರು ಹುಯ್ಯಬೇಕು, ಮಣ್ಣು ಒಣಗಿದರೆ ಅರ್ತಿಂಗ್ ಇದ್ದೂ ಇಲ್ಲದ ಹಾಗೆ ಎಂದು ಹೇಳಿ ಹೋದ. ಅಂದಿನಿಂದ ಆ ಮೇಜಿನ ಮೇಲೆ ಯಾವ ಯಂತ್ರ ಮುಟ್ಟಿದರೂ ಜುಮ್ಮೆನ್ನಲಿಲ್ಲ.

ವೈರಿಂಗಿನವನು ಆ ತಿಂಗಳು, ತಾನು ತಂತಿ ಎಳೆದಿದ್ದ ಮನೆಗಳಿಗೆಲ್ಲ ಒಂದೊಂದಾಗಿ ಹೋದ. ಯಾರೂ ಕರೆದಿರಲಿಲ್ಲ. ಪ್ರತಿ ಮನೆಯ ಪ್ಲಗ್ಗು ಬಿಚ್ಚಿ ನೋಡಿದ. ಒಂದು ಕಡೆಯೂ ತಪ್ಪು ಸಿಗಲಿಲ್ಲ. ಸಿಕ್ಕಿದ್ದರೆ ತಿದ್ದಿಕೊಳ್ಳುತ್ತಿದ್ದ, ನೆಮ್ಮದಿಯಾಗುತ್ತಿತ್ತು. ಸಿಗದೆ ಹೋದದ್ದೇ ಅವನನ್ನು ಹೆದರಿಸಿತು. ತಪ್ಪು ಮಾಡಿಯೂ ಅದು ಕಾಣದ ಕೈಯನ್ನು ಹೇಗೆ ನಂಬುವುದು ಎಂದು ಮನೆಯವರ ಹತ್ತಿರ ಹೇಳಿಕೊಂಡನಂತೆ. ರಿಪೇರಿಯವನ ಹಿತ್ತಲಿನ ಗುಂಡಿಯೇ ಅವನು ಮಾಡಿದ ಕೊನೆಯ ಕೆಲಸವಾಯಿತು. ಒಂದು ಕಲ್ಯಾಣ ಮಂಟಪದಲ್ಲಿ ಕಾವಲಿನವನಾಗಿ ಸೇರಿಕೊಂಡ.

ರಿಪೇರಿಯವನಿಗೆ ಈ ಸುದ್ದಿ ಗೊತ್ತಾಯಿತು. ಹೋಗಿ ಹೇಳಬೇಕು ಎಂದುಕೊಂಡ. ಈ ವಾರ ಬೇಡ, ಕೈಯಲ್ಲಿ ಕೆಲಸವಿದೆ ಎಂದುಕೊಂಡ. ಮೂರು ವರ್ಷ ಕಳೆಯಿತು. ಸ್ಕ್ರೂ ಅಂಗಿಯ ಜೇಬಿನಿಂದ ಮೇಜಿನ ಡ್ರಾಯರಿಗೆ ಹೋಗಿತ್ತು.

ಒಂದು ದಿನ ನೆಂಟರ ಮದುವೆಗೆಂದು ಅವನು ಅದೇ ಮಂಟಪಕ್ಕೆ ಹೋದ. ಧಾರೆ ಮುಗಿದ ಹೊತ್ತಿಗೆ ನೆಲಮಾಳಿಗೆಯ ಊಟದ ಮನೆಯ ದೀಪಗಳು ಆರಿದವು. ಜನ ಕಾವಲಿನವನನ್ನು ಕರೆದು, ಇಪ್ಪತ್ತೆರಡು ವರ್ಷ ಇದೇ ಕೆಲಸ ಮಾಡಿದವನು ನೀನು, ಫ್ಯೂಸು ನೋಡು ಎಂದರು. ಅವನು ಕೈ ಹಿಂದಕ್ಕೆ ಕಟ್ಟಿಕೊಂಡು, ಬೇರೆಯವರಿಗೆ ಫೋನ್ ಮಾಡಿದ್ದೇನೆ, ಈಗ ಬರುತ್ತಾರೆ ಎಂದ. ಕತ್ತಲಾದ ಊಟದ ಮನೆಯಲ್ಲಿ ಎಲೆಯ ಮುಂದೆ ಜನ ಕಾದು ಕೂತರು.

ಅಷ್ಟರಲ್ಲಿ ರಿಪೇರಿಯವನು ಅವನ ಕಣ್ಣಿಗೆ ಬಿದ್ದ. ಅವನ ಮುಖ ಅರಳಿತು. ಹತ್ತಿರ ಬಂದು ಕೇಳಿದ:

“ಅಣ್ಣಾ, ಗುಂಡಿಗೆ ನೀರು ಹುಯ್ಯುತ್ತಿದ್ದೀರಾ?”

“ಹುಯ್ಯುತ್ತಿದ್ದೀನಿ,” ಎಂದ ರಿಪೇರಿಯವನು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಾಂತಮಲ್ಲಪ್ಪ ಮುಂದಿನ ಮಾತಿಗೆ ಕಾದ. ಅವನು ಹೆಗಲ ಮೇಲಿನ ಟವಲು ತೆಗೆದು ಮಡಿಸಿದ, ಬಿಡಿಸಿದ, ಮತ್ತೆ ಮಡಿಸಿದ. ಕಡೆಗೆ ತಲೆ ತಗ್ಗಿಸಿಯೇ ಕೇಳಿದ:

“ಬುದ್ಧಿ, ಇಷ್ಟಕ್ಕೆಲ್ಲ ಆ ರಿಪೇರಿಯವನು ಕೊನೆಗೆ ತೆತ್ತದ್ದೇನು?”

“ಬೇಸಿಗೆಗೆ ಒಂದು ಕೊಡ ನೀರು.”