ಬಾಯಾರಿದ ರೇಡಿಯೇಟರ್, ದೃಷ್ಟಿಯ ನಿಂಬೆಹಣ್ಣು

ನಂಬಲ್ಲ ಅನ್ನೋರು ಈಗಲೇ ಎದ್ದು ಹೇಳಿಬಿಡಿ. ನಮ್ಮೂರಿನ ಕಾರುಗಳಷ್ಟು ಚೆನ್ನಾಗಿ ಮಾತಾಡುವ ಕಾರು ಇಡೀ ಜಿಲ್ಲೆಯಲ್ಲೇ ಇಲ್ಲ.

ಏಪ್ರಿಲ್ ಬಿಸಿಲಲ್ಲಿ ತಿಪ್ಪೇಸ್ವಾಮಿಯ ಕಾರು ಚಳ್ಳಕೆರೆ ದಾರಿ ಹಿಡಿದಿತ್ತು. ರೇಡಿಯೇಟರಿನಲ್ಲಿ ನೀರು ತಳ ಕಂಡಿತ್ತು. ಇನ್ನಷ್ಟು ದೂರ ಓಡಿದರೆ ಇಂಜಿನ್ನೇ ಸುಟ್ಟುಹೋಗುತ್ತದೆಂದು ಅದಕ್ಕೆ ಗೊತ್ತಿತ್ತು.

"ಲೋ ನಿಂಬೆಹಣ್ಣೇ, ಮುಂದೆ ನೇತಾಡ್ತಾ ಇದ್ದೀಯಲ್ಲ, ಯಜಮಾನನಿಗೆ ಹೇಳೋ! ಆಯುಧಪೂಜೆಗೆ ಕಾರು ತೊಳೆದಿದ್ದೇ ತೊಳೆದಿದ್ದು, ನನ್ನ ಹೊಟ್ಟೆಗೆ ಒಂದು ಚೊಂಬು ನೀರು ಹಾಕಿದವರಿಲ್ಲ," ಎಂದು ಕೂಗಿತು ರೇಡಿಯೇಟರ್.

"ನೀರು ಯಾತಕ್ಕಣ್ಣ? ಕಾರು ಕಾಯೋಕೆ ನಾನಿದ್ದೀನಿ. ಯಾರ ಕಣ್ಣೂ ಬೀಳೋಕೆ ಬಿಡಲ್ಲ," ಎಂದಿತು ನಿಂಬೆಹಣ್ಣು.

"ಕಣ್ಣಲ್ಲ ಕಣೋ, ಬಿಸಿಲು ಬಿದ್ದಿರೋದು! ನೀನೇ ಒಣಗಿ ಚಕ್ಕೆಯಾಗಿದ್ದೀಯ, ನೋಡ್ಕೊ!"

ಅಷ್ಟರಲ್ಲಿ ಬುಸ್ಸೆಂದು ಹಬೆ ಎದ್ದು ಕಾರು ನಿಂತೇಬಿಟ್ಟಿತು. ತಿಪ್ಪೇಸ್ವಾಮಿ ಇಳಿದು ಹಣೆ ಚಚ್ಚಿಕೊಂಡ. "ಯಾವನದೋ ಕೆಟ್ಟ ದೃಷ್ಟಿ!" ಎಂದು ಡಿಕ್ಕಿಯಿಂದ ತೆಂಗಿನಕಾಯಿ ತಂದು, ಕಾರಿಗೆ ನೀವಾಳಿಸಿ ರಸ್ತೆಗೆ ಒಡೆದ. ಕಾಯಿನೀರೆಲ್ಲ ರೇಡಿಯೇಟರಿನ ಎದುರೇ ಡಾಂಬರಿನ ಮೇಲೆ ಹರಿದು ಆರಿಹೋಯಿತು. ಆಮೇಲೆ ಅವನು ಬಾನೆಟ್ ಎತ್ತಿದ. ಸದ್ಯ, ಈಗಲಾದರೂ ನೀರು ಬಂತು ಅಂದುಕೊಂಡಿತು ರೇಡಿಯೇಟರ್.

ಅದಕ್ಕೆ ಸಿಕ್ಕಿದ್ದು ಒಂದು ಕುಂಕುಮದ ಬೊಟ್ಟು.