ಒಳಗೆ ತೂಗಿಬಿಟ್ಟ ತುಂಡು

ಹೊಳೆದಂಡೆಯ ಅಣುಸ್ಥಾವರದ ಉಕ್ಕಿನ ಕೊಪ್ಪರಿಗೆಯನ್ನು ಬೆಸೆದವರು ಮೌನೇಶಾಚಾರ್ಯರು. ಇದು ಬಿರುಕು ಬಿಡುವುದಿಲ್ಲ ಎಂದು ಮೂವತ್ತು ವರ್ಷದ ಹಿಂದೆ ನಾಲ್ಕು ಜನರ ಮುಂದೆ ಮಾತು ಕೊಟ್ಟಿದ್ದರು.

ಅವತ್ತಿನಿಂದ ಅದೇ ಉಕ್ಕಿನ ಸಣ್ಣ ತುಂಡುಗಳು ಅದರೊಳಗೆ, ಅಣುವಿನ ಉರಿಯ ಪಕ್ಕದಲ್ಲೇ ತೂಗುತ್ತಿದ್ದವು. ಆಗಾಗ ಒಂದೆರಡನ್ನು ಹೊರತೆಗೆದು ಪರೀಕ್ಷಿಸಿದರೆ ಕೊಪ್ಪರಿಗೆಯ ಗತಿ ಗೊತ್ತಾಗುತ್ತದೆ.

ಈ ಸಲ ಪರೀಕ್ಷೆ ಬಿದ್ದದ್ದು ಅವರದೇ ಶಿಷ್ಯೆ ಸುಗುಣಾಳ ಪಾಲಿಗೆ. ಕೊಪ್ಪರಿಗೆ ಇನ್ನೂ ಹತ್ತು ವರ್ಷ ಕುದಿಯಬಹುದೋ ಇಲ್ಲವೋ, ಅವಳೇ ಬರೆಯಬೇಕು.

ಸ್ಥಾವರದ ಕಾಲೊನಿಯ ಬಾಯಿಗೆ ಬೀಗವೆಲ್ಲಿದೆ? ಮಕ್ಕಳಿಲ್ಲದ ಮುದುಕ ಉಣ್ಣಿಸಿ ಕಲಿಸಿದ ಹುಡುಗಿ, ಅವರ ಮಾನ ಕಾಯ್ತಾಳೆ ಬಿಡಿ ಎಂದು ಹಪ್ಪಳ ಒಣಹಾಕುವವರೂ ತೀರ್ಪು ಕೊಟ್ಟಾಗಿತ್ತು.

ಸುಗುಣಾ, ವಿಕಿರಣ ತಾಗದಂತೆ ಗಾಜಿನ ಗೋಡೆಯ ಈಚೆ ನಿಂತು, ಯಂತ್ರದ ಕೈಯಿಂದ ತುಂಡಿನ ಮೇಲೆ ವಜ್ರದ ಮೊನೆ ಒತ್ತಿದಳು. ಮೊನೆ ಸುಲಭಕ್ಕೆ ಇಳಿಯಲಿಲ್ಲ. ಹಿಗ್ಗಿನಿಂದ ಓಡಿಬಂದಳು.

"ಗುರುಗಳ, ನಿಮ್ಮ ಉಕ್ಕು ಮೊದಲಿಗಿಂತ ಗಟ್ಟಿ ಆಗೇತಿ. ಹಂಗ ಬರದೇನಿ."

ಗುರು ಊಟಕ್ಕೆ ಕೂತಿದ್ದರು. ತಾಟಿನಿಂದ ಎರಡು ರೊಟ್ಟಿ ತೆಗೆದು ಅವಳ ಮುಂದಿಟ್ಟರು. ಒಂದು ಈಗಷ್ಟೇ ಬಡಿದ ಮೆತ್ತನೆಯದು, ಇನ್ನೊಂದು ಹೋದ ವಾರದ ಕಡಕ್ ರೊಟ್ಟಿ.

"ಯಾವುದು ಗಟ್ಟಿ?"

ಕಡಕ್ ರೊಟ್ಟಿ ತೋರಿಸಿದಳು.

"ಮಡಚು."

ಚೂರುಗಳು ಅವಳ ಕಾಗದದ ಮೇಲೆಲ್ಲ ಉದುರಿದವು.

"ಕಣ್ಣಿಗೆ ಕಾಣದ ನ್ಯೂಟ್ರಾನ್ ಕಣ ಆ ಉಕ್ಕನ್ನ ಮೂವತ್ತು ವರ್ಷ ಬಡದಾವು. ಗಟ್ಟಿ ಆಗೇತಿ ಖರೆ, ಬಾಗೂದು ಮರತೈತಿ. ಏಟು ತಾಳತೈತೇನು ನೋಡೂ ಸುತ್ತಿಗಿ ನೀ ಯಾಕ ಮುಟ್ಟಲಿಲ್ಲ?"

ಸುಗುಣಾ ತಲೆ ತಗ್ಗಿಸಿದಳು. ಸುತ್ತಿಗೆಯ ಏಟಿಗೆ ಏನಾಗಬಹುದೆಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಮುಟ್ಟಿರಲಿಲ್ಲ.

"ತಣ್ಣಗ ಮಾಡಿ ಹೊಡಿ," ಎಂದರು. "ಅವಘಡ ಆದ ದಿನ ಕಾದ ಕೊಪ್ಪರಿಗಿ ಒಳಗ ತಣ್ಣೀರ ಸುರೀತಾರ."

ಅವಳು ದುಪಟ್ಟಾ ಸೊಂಟಕ್ಕೆ ಬಿಗಿದು ಹೋದಳು. ಇನ್ನೊಂದು ತುಂಡನ್ನು ತಣಿಸಿ, ಎತ್ತರದಿಂದ ತೂಗುಸುತ್ತಿಗೆಯನ್ನು ಬಿಟ್ಟಳು.

ತುಂಡು ಬಾಗಲಿಲ್ಲ. ಬಳಪದ ಹಾಗೆ ಎರಡಾಯಿತು.

ಹಳೆಯ ಕಾಗದ ಹರಿದು, ಇದ್ದದ್ದನ್ನು ಇದ್ದ ಹಾಗೆ ಬರೆದು ಅವಳು ಬರುವಷ್ಟರಲ್ಲಿ, ಸಾಕಿದವರ ಮುಖಕ್ಕೇ ಮಸಿ ಬಳಿದಳಂತೆ ಎಂಬ ಸುದ್ದಿ ಕಾಲೊನಿಯನ್ನು ಮೂರು ಸುತ್ತು ಹಾಕಿತ್ತು. ಅವಳು ಯಾರ ಕಡೆಗೂ ತಿರುಗಲಿಲ್ಲ. ನೆಟ್ಟಗೆ ಗುರುವಿನ ಮುಂದೆ ಹೋಗಿ ಕಾಗದ ಹಿಡಿದಳು.

"ಕೊಪ್ಪರಿಗಿ ಆರಸ್ತಾರ. ನೀವು ಕೊಟ್ಟ ಮಾತು ಸುಳ್ಳಾತು, ಗುರುಗಳ."

ಗುರು ಪೂರ್ತಿ ಓದಿದರು. ಮಡಚಿ ಅವಳ ಕೈಗೇ ಕೊಟ್ಟರು.

"ನನ್ನ ಮಾತೊಂದ ಸಾಕಿದ್ದರ, ಆ ತುಂಡು ನಾನ್ಯಾಕ ಒಳಗ ತೂಗಿಬಿಡತಿದ್ದೆ, ತಂಗಿ?"